ತಂಬೂರಿ ಯಾರ ಕೈಯಲ್ಲಿರಬೇಕು?

ಕಳೆದ ನವೆಂಬರಿನಲ್ಲಿ ಹೈದರಾಬಾದಿನ ಒಂದು ಕನ್ನಡ ಸಂಘದ ರಾಜ್ಯೋತ್ಸವದ ಸಂಜೆ ಒಂದು ಸಣ್ಣ ರಂಪ ನಡೆಯಿತು. ಇಲ್ಲಿಯೇ ಹುಟ್ಟಿ ಬೆಳೆದ ನಾಲ್ವರು ಹುಡುಗರು ಮತ್ತು ಒಬ್ಬ ಹುಡುಗಿ ಎರಡು ಗಿಟಾರು, ಒಂದು ಕೀಬೋರ್ಡು, ಒಂದು ಡ್ರಮ್ ಸೆಟ್ಟು ಹೂಡಿಕೊಂಡು ಶಿಶುನಾಳ ಷರೀಫರ ಎರಡು ಪದಗಳನ್ನು ಹಾಡಿದರು. ಹಾಡು ಮುಗಿದೊಡನೆ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, ಇದು ಷರೀಫಜ್ಜನಿಗೆ ಮಾಡಿದ ಅಪಚಾರ, ನಮ್ಮ ಬೇರಿಗೇ ಹಾಕಿದ ಕೊಡಲಿ ಎಂದರು. ಅರ್ಧ ಸಭೆ ಚಪ್ಪಾಳೆ ತಟ್ಟಿತು, ಉಳಿದರ್ಧ ನೆಲ ನೋಡಿತು. ನೆಲ ನೋಡಿದವರಲ್ಲಿ ನಾನೂ ಒಬ್ಬ. ಅಂದು ರಾತ್ರಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಹುಡುಗರ ಉತ್ತರ ಬಂತು: ನಾವು ಹಾಡಿದ್ದು ಫೋಕ್ ರಾಕ್, ಅದು ಅರ್ಥವಾಗದಿದ್ದರೆ ತಪ್ಪು ನಮ್ಮದಲ್ಲ. ಈಗ ಈ ವರ್ಷದ ಸಿದ್ಧತಾ ಸಭೆಯಲ್ಲಿ 'ಶುದ್ಧ ಜನಪದಕ್ಕೆ ಮಾತ್ರ ಅವಕಾಶ' ಎಂಬ ಸೂಚನೆ ಮಂಡನೆಯಾಗಿದೆ. ಆ ಐವರಲ್ಲಿ ಒಬ್ಬರೂ ಈ ಸಲ ಹೆಸರು ಕೊಟ್ಟಿಲ್ಲ.

ಅಂದು ಆಡದೆ ಉಳಿದ ಮಾತನ್ನು ಇಲ್ಲಿ ಆಡುತ್ತಿದ್ದೇನೆ. ಹಿರಿಯರೂ ಹುಡುಗರೂ ಮಾಡಿದ ತಪ್ಪು ಒಂದೇ. ಒಬ್ಬರಿಗೆ ಗಿಟಾರು ಪಾಪ, ಇನ್ನೊಬ್ಬರಿಗೆ ಗಿಟಾರೇ ಪುಣ್ಯ. ಇಬ್ಬರೂ ವಾದ್ಯವನ್ನು ನೋಡಿದರೇ ಹೊರತು ಪದದ ಕಡೆ ತಿರುಗಲಿಲ್ಲ. ಬೇರಿನ ಸಂಗೀತವೆಂಬುದು ಜನನ ಪತ್ರದಿಂದಾಗಲಿ ವಾದ್ಯದ ಜಾತಿಯಿಂದಾಗಲಿ ಸಿದ್ಧವಾಗುವುದಿಲ್ಲ, ಕಲಿಕೆಯಿಂದ ಮತ್ತು ಋಣಪ್ರಜ್ಞೆಯಿಂದ ಸಿದ್ಧವಾಗುತ್ತದೆ ಎಂಬುದು ನನ್ನ ವಾದ.

ಮೊದಲು ಹಿರಿಯರೊಂದಿಗಿನ ಜಗಳ. ಅಂದಿನ ಸಭೆಯಲ್ಲಿ ಗಿಟಾರಿನ ಹುಡುಗರಿಗಿಂತ ಮುಂಚೆ ಹಾಡಿದವರು ಹಾರ್ಮೋನಿಯಂ ಇಟ್ಟುಕೊಂಡಿದ್ದರು. ಅದಕ್ಕೆ ಯಾರೂ ಆಕ್ಷೇಪವೆತ್ತಲಿಲ್ಲ. ಹಾರ್ಮೋನಿಯಮ್ಮಿಗೆ ಪೇಟೆಂಟ್ ಸಿಕ್ಕಿದ್ದು 1842ರಲ್ಲಿ, ಪ್ಯಾರಿಸ್ಸಿನಲ್ಲಿ. ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತುವ ಅದರ ಭಾರತೀಯ ರೂಪ ಕಲ್ಕತ್ತೆಯಲ್ಲಿ ತಯಾರಾದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಷರೀಫರು ಬದುಕಿದ್ದು 1819ರಿಂದ 1889ರವರೆಗೆ. ಅವರ ಪದಗಳು ಹುಟ್ಟಿದಾಗ ಆ ಪೆಟ್ಟಿಗೆ ಶಿಗ್ಗಾವಿಯ ಸೀಮೆಗೆ ಪರಕೀಯವೇ ಆಗಿದ್ದಿರಬೇಕು. ಇಷ್ಟೇ ಅಲ್ಲ, ನಮ್ಮ ಆಕಾಶವಾಣಿಯೇ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ತನ್ನ ಸ್ಟುಡಿಯೋಗಳಿಂದ ಹೊರಗಿಟ್ಟಿತ್ತು. ನಮ್ಮ ಸ್ವರಗಳ ಸೂಕ್ಷ್ಮ ಅದರಲ್ಲಿ ಹುಟ್ಟುವುದಿಲ್ಲ, ಅದು ವಿದೇಶಿ ಎಂಬುದು ಅಂದಿನ ವಿದ್ವಾಂಸರ ದೂರು. ಇಂದು ಗಿಟಾರಿನ ಮೇಲೆ ಹೊರಿಸುತ್ತಿರುವ ಆರೋಪ ಅಕ್ಷರಶಃ ಅದೇ.

ಇನ್ನೂ ಒಂದು ಮಾತಿದೆ. ನಮ್ಮ ಪೀಳಿಗೆಯ ಬಹುಮಂದಿಗೆ ಷರೀಫರು ಬಂದದ್ದು ಗುಡಿಕಟ್ಟೆಯ ಭಜನೆಯಿಂದಲ್ಲ, ಕ್ಯಾಸೆಟ್ಟಿನಿಂದ. ಸಿ. ಅಶ್ವತ್ಥರ ಆ ಸಿಡಿಲಿನಂಥ ಕಂಠ, 1990ರಲ್ಲಿ ನಾಗಾಭರಣರು ನಿರ್ದೇಶಿಸಿದ 'ಸಂತ ಶಿಶುನಾಳ ಷರೀಫ' ಚಿತ್ರ, 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಜನಸಾಗರ ಸೇರಿದ 'ಕನ್ನಡವೇ ಸತ್ಯ', ಇವು ನಮ್ಮ ಕಿವಿಯಲ್ಲಿ ಕಟ್ಟಿದ ಷರೀಫರೇ ನಮಗೆ 'ಮೂಲ' ಷರೀಫರು. ಅಶ್ವತ್ಥರು ಏಕತಾರಿಯ ಪದವನ್ನು ವಾದ್ಯಮೇಳದ ನಡುವೆ ತಂದು ನಿಲ್ಲಿಸಿದರು. ಅದು ದೊಡ್ಡ ಸೃಷ್ಟಿಕಾರ್ಯ, ನಾನು ಅದರ ಋಣಿ. ಆದರೆ ಅದು ಮರುಸೃಷ್ಟಿ. ಅದನ್ನೇ ಮೂಲವೆಂದು ಭಾವಿಸಿ ಮುಂದಿನ ಮರುಸೃಷ್ಟಿಗೆ ಬಾಗಿಲು ಹಾಕುವುದು ಅಶ್ವತ್ಥರಿಗೇ ಮಾಡುವ ಅನ್ಯಾಯ. ಇನ್ನು 'ಶುದ್ಧ' ಎಂಬ ಮಾತು: ಮುಸ್ಲಿಂ ಮನೆಯಲ್ಲಿ ಹುಟ್ಟಿ, ಬ್ರಾಹ್ಮಣ ಗುರು ಗೋವಿಂದಭಟ್ಟರ ಹಿಂದೆ ಊರೂರು ನಡೆದ ಕವಿಯ ಹೆಸರಿನಲ್ಲಿ ಶುದ್ಧಿಯ ನಿಯಮ ಮಾಡಲು ನಮಗೆ ಹೇಗೆ ಮನಸ್ಸು ಬಂತು?

ಈ ಜಗಳ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಹುಡುಗರು ಹೆಮ್ಮೆಯಿಂದ ಹೇಳುವ 'ಫೋಕ್ ರಾಕ್', 'ರೂಟ್ಸ್ ರಾಕ್' ಎಂಬ ಮಾತುಗಳು ಅಮೆರಿಕದಿಂದ ಬಂದವು. ಮಾತನ್ನು ತಂದವರು ಅದರ ಹಿಂದಿನ ಕಥೆಯನ್ನೂ ತರಬೇಕಲ್ಲವೇ? ಅಲ್ಲಿನ ಹಳ್ಳಿಗಾಡಿನ ಹಾಡಿಗೆ ಕಂಟ್ರಿ ಎಂದು ಹೆಸರು. 1968ರ ಮಾರ್ಚಿನಲ್ಲಿ ಬರ್ಡ್ಸ್ ಎಂಬ ಕ್ಯಾಲಿಫೋರ್ನಿಯಾದ ಉದ್ದಗೂದಲಿನ ರಾಕ್ ತಂಡ, ಆ ಸಂಗೀತದ ಗರ್ಭಗುಡಿಯಂತಿದ್ದ ನ್ಯಾಶ್‌ವಿಲ್‌ನ 'ಗ್ರ್ಯಾಂಡ್ ಓಲ್ ಆಪ್ರಿ' ವೇದಿಕೆ ಏರಿತು. ಸಭಿಕರು ಗೇಲಿ ಮಾಡಿದರು. ತಂಡದ ಹೊಸ ಗಾಯಕ ಗ್ರ್ಯಾಮ್ ಪಾರ್ಸನ್ಸ್ ಘೋಷಿಸಿದ್ದ ಹಾಡನ್ನು ಬಿಟ್ಟು ತನ್ನದೇ ಹಾಡನ್ನು ಅಜ್ಜಿಗೆ ಅರ್ಪಿಸಿ ಹಾಡಿದಾಗ ವ್ಯವಸ್ಥಾಪಕರು ಸಿಡಿಮಿಡಿಗೊಂಡರು. ಅದೇ ವೇದಿಕೆಯಲ್ಲಿ ಅದಕ್ಕೂ ಹಿಂದೆ ಬಹುಕಾಲ ಡ್ರಮ್ಮಿಗೇ ಸಲೀಸಾದ ಪ್ರವೇಶವಿರಲಿಲ್ಲ. ನಮ್ಮ ಹಾರ್ಮೋನಿಯಂ ಕಥೆಯ ಅಮೆರಿಕದ ಅವತಾರ ಅದು.

ಅಲ್ಲಿನ ಶುದ್ಧಿವಾದಿಗಳು ಕಾಯುತ್ತಿದ್ದ ಬೇರಾದರೂ ಎಂಥದು? ಕಂಟ್ರಿ ಸಂಗೀತದ ಗುರುತಾದ ಬ್ಯಾಂಜೊ, ಆಫ್ರಿಕದಿಂದ ಸಂಕೋಲೆಯಲ್ಲಿ ಬಂದ ಗುಲಾಮರ ನೆನಪಿನಿಂದ ಹುಟ್ಟಿದ ವಾದ್ಯ. ಅಳುವಂತೆ ಜಾರುವ ಸ್ಟೀಲ್ ಗಿಟಾರು ಹವಾಯಿ ದ್ವೀಪಗಳದು. 1927ರಲ್ಲಿ ಬ್ರಿಸ್ಟಲ್ ಪಟ್ಟಣದಲ್ಲಿ ಧ್ವನಿಮುದ್ರಿಸಿ ಕಂಟ್ರಿ ಸಂಗೀತದ ಮೂಲಪುರುಷರೆನಿಸಿದ ಕಾರ್ಟರ್ ಕುಟುಂಬದ ಎ.ಪಿ. ಕಾರ್ಟರ್ ಮುಂದೆ ಹಾಡು ಹುಡುಕುತ್ತ ಬೆಟ್ಟದೂರುಗಳನ್ನು ಅಲೆದಾಗ ಜತೆಗಿದ್ದವರು ಲೆಸ್ಲಿ ರಿಡ್ಲ್ ಎಂಬ ಕಪ್ಪು ಜನಾಂಗದ ಗಿಟಾರ್ ವಾದಕ. ಒಮ್ಮೆ ಕೇಳಿದ ರಾಗವನ್ನು ನೆನಪಿನಲ್ಲಿ ಹಿಡಿದು ತರುವ ಕೆಲಸ ಅವರದು. ಹಕ್ಕುಸ್ವಾಮ್ಯದ ಕಾಗದದಲ್ಲಿ ಅವರ ಹೆಸರು ಬರಲಿಲ್ಲ. ಶುದ್ಧವೆಂದು ಕರೆದ ಪ್ರತಿ ಬೇರನ್ನೂ ಅಗೆದರೆ ಇಂಥ ಒಬ್ಬ ಮರೆಯಾದ ಮನುಷ್ಯ ಸಿಗುತ್ತಾನೆ.

ಹಾಗಾದರೆ ಎಲ್ಲ ಬೆರಕೆಯೂ ಸಮಾನವೇ? ಅಲ್ಲ. ಇಲ್ಲಿಂದ ನನ್ನ ಜಗಳ ಹುಡುಗರೊಂದಿಗೆ. 1968ರ ನಂತರದ ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ ಎದ್ದ ತಂಡಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳಿದರೆ ಬೆರಕೆಗಳೊಳಗಿನ ತರತಮ ಸ್ಪಷ್ಟವಾಗುತ್ತದೆ.

ಪಾರ್ಸನ್ಸ್ ಬರ್ಡ್ಸ್ ತಂಡ ಬಿಟ್ಟು ಕಟ್ಟಿದ ಫ್ಲೈಯಿಂಗ್ ಬರಿಟೊ ಬ್ರದರ್ಸ್ 1969ರಲ್ಲಿ ಮೊದಲ ಆಲ್ಬಂ ತಂದಿತು. ಅದು ಅಷ್ಟೇನೂ ಮಾರಾಟವಾಗಲಿಲ್ಲ, ಪಾರ್ಸನ್ಸ್ 1973ರಲ್ಲಿ ಇಪ್ಪತ್ತಾರರ ವಯಸ್ಸಿನಲ್ಲೇ ತೀರಿಕೊಂಡರು. ಅವರ ಹಾಡುಗಾರಿಕೆಯಲ್ಲಿ ಶ್ರುತಿ ಅಲ್ಲಲ್ಲಿ ನಡುಗುತ್ತದೆ, ಆದರೆ ಹಳೆಯ ಹಾಡುಗಳ ದುಃಖವನ್ನು ನಂಬಿ ಹಾಡಿದ ಕಂಠ ಅದು. 1971ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಈಗಲ್ಸ್ ಅದೇ ದಾರಿಯನ್ನು ಹೆದ್ದಾರಿ ಮಾಡಿತು. ಬರಿಟೊ ಬ್ರದರ್ಸ್‌ನಲ್ಲಿದ್ದ ಬರ್ನಿ ಲೆಡನ್ ಇಲ್ಲಿ ಬ್ಯಾಂಜೊ ನುಡಿಸಿದರು. ಮೊದಲ ಆಲ್ಬಂ ಮುದ್ರಣವಾದದ್ದು ಲಂಡನ್ನಿನಲ್ಲಿ. 1976ರಲ್ಲಿ ಬಂದ ಅವರ ಆಯ್ದ ಹಾಡುಗಳ ಸಂಕಲನ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಎಂಬ ಮನ್ನಣೆ ಪಡೆದಿದೆ. ಈಗಲ್ಸ್‌ನ ಕಂಠಮೇಳದಲ್ಲಿ ಒಂದು ಕೂದಲೆಳೆಯಷ್ಟೂ ದೋಷವಿಲ್ಲ. ಅಲ್ಲಿಯೇ ನನಗೆ ತೊಡಕು. ಅವರ ಹಾಡಿನಲ್ಲಿ ಹಳ್ಳಿಗಾಡು ಕಾರಿನ ಗಾಜಿನಾಚೆ ಸರಿದುಹೋಗುವ ನೋಟ. ಲೆಡನ್ ತಂಡ ಬಿಟ್ಟೊಡನೆ ಆ ನೋಟವೂ ಬಹುಪಾಲು ಮಾಯವಾಯಿತು. ಒಬ್ಬ ವಾದಕ ಹೊರಟರೆ ಹೊರಟುಹೋಗುವುದು ಅಲಂಕಾರವೇ ಹೊರತು ಬೇರಲ್ಲ.

ಇನ್ನೊಂದು ಕಡೆ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್. ದಕ್ಷಿಣದ ಜೌಗುನೆಲ, ಮಿಸಿಸಿಪ್ಪಿಯ ದೋಣಿ, ನದಿದಂಡೆಯ ಬಡವರು ಇವರ ಹಾಡಿನ ವಸ್ತು. ಬರೆದು ಹಾಡಿದ ಜಾನ್ ಫೋಗರ್ಟಿ ಬೆಳೆದದ್ದು ಮಾತ್ರ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಬಳಿಯ ಎಲ್ ಸೆರಿಟೊ ಎಂಬ ಪಟ್ಟಣದಲ್ಲಿ. ಊರಿನ ಲೆಕ್ಕದಲ್ಲಿ ಅವರು ಹೊರಗಿನವರು. ಕಿವಿಯ ಲೆಕ್ಕದಲ್ಲಿ ಒಳಗಿನವರು, ಏಕೆಂದರೆ ದಕ್ಷಿಣದ ಬ್ಲೂಸ್ ಮತ್ತು ರಾಕಬಿಲಿ ಮುದ್ರಿಕೆಗಳನ್ನು ಕೇಳಿ ಕೇಳಿ ಮೈಗೂಡಿಸಿಕೊಂಡಿದ್ದರು. 1969ರ ಒಂದೇ ವರ್ಷದಲ್ಲಿ ಆ ತಂಡ ಮೂರು ಆಲ್ಬಂ ತಂದಿತು. ಯಾವುದರಲ್ಲೂ ವಾದ್ಯದ ಆಡಂಬರವಿಲ್ಲ.

ಕೊನೆಯದಾಗಿ ದಿ ಬ್ಯಾಂಡ್. ಅಮೆರಿಕದ ಬೇರಿನ ಸಂಗೀತದ ಶಿಖರವೆಂದು ನಾನು ತಿಳಿಯುವ ಈ ತಂಡದ ಐವರಲ್ಲಿ ನಾಲ್ವರು ಕೆನಡಾದವರು. ಡ್ರಮ್ ನುಡಿಸುತ್ತ ಹಾಡುತ್ತಿದ್ದ ಲೆವಾನ್ ಹೆಲ್ಮ್ ಒಬ್ಬರೇ ಅರ್ಕನ್ಸಾದ ಹತ್ತಿಯ ಹೊಲಗಳ ನಡುವಿನಿಂದ ಬಂದವರು. 1968 ಮತ್ತು 1969ರ ಎರಡು ಆಲ್ಬಂಗಳಿಗೆ ಮುನ್ನ ಅವರು ರಾನಿ ಹಾಕಿನ್ಸ್ ಎಂಬ ಗಾಯಕನ ಹಿಂದೆ ವರ್ಷಗಟ್ಟಲೆ ಹೆಂಡದಂಗಡಿಗಳಲ್ಲಿ ನುಡಿಸಿದ್ದರು, ಆಮೇಲೆ ಬಾಬ್ ಡಿಲನ್ ಹಿಂದೆ ನಿಂತು ಸಭಿಕರ ಕೂಗಾಟವನ್ನು ಸಹಿಸಿದ್ದರು. ಹೆಸರಿಲ್ಲದೆ ದುಡಿದ ಆ ಕಾಲವೇ ಅವರ ಗುರುಕುಲ. ಹೆಲ್ಮ್, ಡಾಂಕೊ, ಮ್ಯಾನ್ಯುಯೆಲ್ ಮೂವರೂ ಹಾಡುತ್ತಾರೆ. ಕಂಠಗಳು ಈಗಲ್ಸ್‌ನಂತೆ ಒಂದೇ ಎರಕವಾಗುವುದಿಲ್ಲ. ಒಬ್ಬನ ಮಾತು ಮುಗಿಯುವ ಮುನ್ನ ಇನ್ನೊಬ್ಬ ಕೈಗೂಡಿಸುತ್ತಾನೆ, ಭಜನಾಮೇಳದಲ್ಲಿ ಹಿಮ್ಮೇಳದವರು ಪಲ್ಲವಿಯನ್ನು ಎತ್ತಿಕೊಳ್ಳುವ ಹಾಗೆ. ಮಾತು ಬಂದಾಗ ವಾದ್ಯ ಸರಿದು ದಾರಿ ಬಿಡುತ್ತದೆ.

ಈ ಹೋಲಿಕೆಯಿಂದ ನಾನು ಮೂರು ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತೇನೆ. ವಾದ್ಯ ಮಾತಿಗೆ ದಾರಿ ಬಿಡುತ್ತದೆಯೇ? ಹಾಡುವವರು ಯಾರ ಹತ್ತಿರ ಕಲಿತರು? ಹಾಡಿನ ಋಣ ಯಾರ ಹೆಸರಿಗೆ ಸಂದಿತು? ಹುಟ್ಟೂರು ಯಾವುದು ಎಂಬುದು ಈ ಪಟ್ಟಿಯಲ್ಲಿಲ್ಲ. ಹೊರನಾಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಇದೊಂದು ದೊಡ್ಡ ಅಭಯ. ಉಳಿದ ಮೂರರಿಂದ ಅವರಿಗೆ ವಿನಾಯಿತಿಯಿಲ್ಲ.

ಮೊದಲ ಪ್ರಶ್ನೆಯನ್ನು ನಮ್ಮವರಿಗೇ ಹಾಕೋಣ. 2008ರಲ್ಲಿ ಬಂದ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ ಷರೀಫರನ್ನು ಕನ್ನಡ ಬಾರದ ಕಿವಿಗಳಿಗೂ ಮುಟ್ಟಿಸಿತು. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಗಿಟಾರು ಹಿಡಿದು ಇಂಗ್ಲೆಂಡಿನ ಉತ್ಸವಗಳಲ್ಲಿ ಕನ್ನಡದ ಪದ ಹಾಡಿದ್ದು ಸಣ್ಣ ಸಾಧನೆಯಲ್ಲ. ಆದರೆ ಗುಡುಗುಡಿಯ ಪದ ಶುರುವಾದಾಗ ಸಭೆಯಲ್ಲಿ ಏಳುವ ಶಿಳ್ಳೆಗಳನ್ನು ಕೇಳಿ. ಹುಕ್ಕಾ ಸೇದುವ ನೆಪದಲ್ಲಿ ಒಡಲೊಳಗಿನ ರೋಗ ಕಳೆದುಕೊಳ್ಳುವ ಸಾಧನೆಯನ್ನು ಹೇಳುವ ಪದ, ಧೂಮಪಾನದ ಗೀತೆಯಾಗಿ ಸಂಭ್ರಮಿಸಲ್ಪಡುತ್ತದೆ. ತಪ್ಪು ಗಾಯಕನೊಬ್ಬನದೇ ಅಲ್ಲ. ಕುಣಿಸುವ ತಾಳ ಅರ್ಥಕ್ಕೆ ನಿಲ್ಲಲು ಜಾಗ ಬಿಡದಿದ್ದಾಗ ಹೀಗಾಗುತ್ತದೆ. ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಬೆಂಗಳೂರಿನ ಸ್ವರಾತ್ಮ ತಂಡ ಬೇರೊಂದು ದಾರಿ ಹಿಡಿಯಿತು. ಹಳೆಯ ಪದವನ್ನು ಹೊದಿಸಿಕೊಳ್ಳುವುದಕ್ಕಿಂತ ಜನಪದದ ನಡೆಯಲ್ಲಿ ತಮ್ಮ ಕಾಲದ ಹಾಡನ್ನು ಕಟ್ಟುವ ದಾರಿ ಅದು. ಕೀಲುಕುದುರೆ ಕಟ್ಟಿಕೊಂಡು ವೇದಿಕೆಗೆ ಬರುತ್ತಿದ್ದ ವಾಸು ಅವರಲ್ಲಿ ಜಾತ್ರೆಯ ತಮಾಷೆಯೂ ಇತ್ತು, ಹೇಳಬೇಕಾದ ಮಾತೂ ಇತ್ತು. ಒಂದನ್ನೇ ಆರಿಸಬೇಕೆಂದರೆ ನನ್ನ ಒಲವು ಈ ಎರಡನೆಯ ದಾರಿಯ ಕಡೆಗೆ.

ಎರಡನೆಯ ಪ್ರಶ್ನೆ ಹೈದರಾಬಾದಿನ ನಮಗೆ ಹೆಚ್ಚು ನೋವು ಕೊಡಬೇಕು. ಹುಡುಗರು ಷರೀಫರನ್ನು ಕಲಿತದ್ದು ಯೂಟ್ಯೂಬಿನಿಂದ. ಅದನ್ನು ತಪ್ಪೆನ್ನಲಾರೆ, ಫೋಗರ್ಟಿಯೂ ಮುದ್ರಿಕೆಯಿಂದಲೇ ಕಲಿತವರು. ಆದರೆ ಬೇರು ಬೇರು ಎಂದು ಕೂಗುವ ಈ ಊರಿನ ಕನ್ನಡಿಗರ ಸ್ವಂತ ಬೇರು ಎಲ್ಲಿದೆ? ಕಲಬುರಗಿ, ಬೀದರ, ರಾಯಚೂರು ಸೀಮೆ 1956ರ ತನಕ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ನಮ್ಮಲ್ಲಿ ಹಲವರ ಅಜ್ಜಂದಿರು ಅಲ್ಲಿಂದಲೇ ಕಾಚಿಗುಡದ ಕಡೆಗೆ ಬಂದವರು. ಆ ಸೀಮೆ ತತ್ವಪದಗಳ ಗಣಿ. ಕಡಕೋಳದ ಮಡಿವಾಳಪ್ಪನವರು ಮತ್ತು ಅವರ ಶಿಷ್ಯ ಪರಂಪರೆಯ ಚೆನ್ನೂರ ಜಲಾಲಸಾಹೇಬರಂಥವರ ಪದಗಳನ್ನು ಇಂದಿಗೂ ಏಕತಾರಿ, ದಮ್ಮಡಿ ಹಿಡಿದು ರಾತ್ರಿಯಿಡೀ ಹಾಡುವ ಮೇಳಗಳು ಅಲ್ಲಿವೆ. ಮೊಹರಮ್ಮಿನಲ್ಲಿ ಕನ್ನಡದ ರಿವಾಯತ್ ಪದಗಳು ಕೇಳುತ್ತವೆ. ಕಲಬುರಗಿಯಿಂದ ಹೈದರಾಬಾದು ರೈಲಿನಲ್ಲಿ ಅರ್ಧ ಹಗಲಿನ ಹಾದಿ. ನಮ್ಮ ಸಂಘಗಳು ಬೆಂಗಳೂರಿನಿಂದ ಚಿತ್ರರಂಗದ ಗಾಯಕರನ್ನು ಕರೆಸಲು ಚಂದಾ ಎತ್ತುತ್ತವೆ. ಕಡಕೋಳದ ಮೇಳವೊಂದನ್ನು ಕರೆಸಿದ ನೆನಪು ನನಗಿಲ್ಲ. ಹುಡುಗರಿಗೆ ಗುರುವನ್ನು ತೋರಿಸದೆ 'ನಿಮಗೆ ಬೇರು ಗೊತ್ತಿಲ್ಲ' ಎಂದು ಗದರುವ ಹಕ್ಕು ಹಿರಿಯರಿಗೆ ಎಲ್ಲಿಂದ ಬಂತು? ಷರೀಫರ ಅದೇ ನಾಲ್ಕೈದು ಪದಗಳ ಸುತ್ತ ತಿರುಗುತ್ತಿರುವುದು ತಂಡಗಳ ಸೋಮಾರಿತನ ಹೌದು. ಅದು ನಮ್ಮ ಸೋಮಾರಿತನದ ಮಗು.

ನಮ್ಮ ನೆರೆಯವರನ್ನಾದರೂ ನೋಡಬಹುದಿತ್ತು. 2023ರಲ್ಲಿ ತೀರಿಕೊಂಡ ಗದ್ದರ್ ಹೆಗಲ ಮೇಲೊಂದು ಕಂಬಳಿ, ಕೈಯಲ್ಲೊಂದು ಕೋಲು ಹಿಡಿದು ಇದೇ ನಗರದಲ್ಲಿ ಲಕ್ಷಗಟ್ಟಲೆ ಜನರನ್ನು ನಿಲ್ಲಿಸಿ ಹಾಡಿದವರು. ಗೋರಟಿ ವೆಂಕನ್ನ ಯಕ್ಷಗಾನ, ಭಜನೆಗಳ ಧಾಟಿಯಲ್ಲಿ ಕಟ್ಟಿದ ಪದಗಳಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ತೆಲಂಗಾಣದವರಿಗೆ ಜನಪದವೆಂಬುದು ವರ್ಷಕ್ಕೊಮ್ಮೆ ಉಟ್ಟು ಮಡಿಸಿಡುವ ಇಳಕಲ್ ಸೀರೆಯಲ್ಲ. ಅವರು ಅದರಲ್ಲಿ ಜಗಳವಾಡಿದರು, ಬೇಡಿಕೆಯಿಟ್ಟರು, ಅತ್ತರು. ಅದಕ್ಕೇ ಅದು ಬದುಕಿದೆ. ನಮ್ಮ 'ಶುದ್ಧ ಜನಪದ'ದಲ್ಲಿ ಇಂದಿನ ಯಾವ ದುಃಖಕ್ಕೆ ಜಾಗವಿದೆ?

ಮೂರನೆಯದು ಋಣದ ಪ್ರಶ್ನೆ. ದಿ ಬ್ಯಾಂಡ್‌ನಲ್ಲಿಯೂ ಇದು ಹುಣ್ಣಾಯಿತು. ಹಾಡುಗಳ ಕರ್ತೃತ್ವ ಬಹುಪಾಲು ರಾಬಿ ರಾಬರ್ಟ್‌ಸನ್ ಹೆಸರಿಗೆ ದಾಖಲಾಯಿತು, ಎಲ್ಲರೂ ಸೇರಿ ಕಟ್ಟಿದ್ದಕ್ಕೆ ಇದು ನ್ಯಾಯವಲ್ಲವೆಂದು ಹೆಲ್ಮ್ ತಮ್ಮ ಆತ್ಮಕಥೆಯಲ್ಲಿ ದೂರಿದರು. ಫೋಗರ್ಟಿ ತಮ್ಮದೇ ಹಾಡುಗಳ ಹಕ್ಕಿನ ಬಹುಪಾಲನ್ನು ಮರಳಿ ಪಡೆಯಲು 2023ರ ತನಕ ಕಾಯಬೇಕಾಯಿತು. ಕನ್ನಡದ ಪದಕಾರರು ಈ ವಿಷಯದಲ್ಲಿ ಬಹಳ ಹಿಂದೆಯೇ ಜಾಣತನ ತೋರಿದ್ದರು: ಕೊನೆಯ ನುಡಿಯಲ್ಲಿ ಅಂಕಿತವಿಟ್ಟರು. ಹಾಡು ಯಾರ ಬಾಯಿಗೆ ಹೋದರೂ ಶಿಶುನಾಳಾಧೀಶ ಜತೆಗೇ ಹೋಗುತ್ತಾನೆ. ಆದರೆ ಸಮಯ ಸಾಲದೆಂದು ಆ ಕೊನೆಯ ನುಡಿಯನ್ನೇ ಬಿಟ್ಟು ಪಲ್ಲವಿಯನ್ನು ನಾಲ್ಕು ಸಲ ಕೂಗಿ ಮುಗಿಸುವುದನ್ನು ನಾನು ಕೇಳಿದ್ದೇನೆ. ಅಂಕಿತವಿಲ್ಲದ ಪದಗಳ ಪಾಡು ಇನ್ನೂ ಕಷ್ಟ. ಮಲೆ ಮಾದಪ್ಪನ ಪರಂಪರೆಯ ಸೂಜುಮಲ್ಲಿಗೆಯ ಪದ 2021ರ 'ಗರುಡ ಗಮನ ವೃಷಭ ವಾಹನ' ಚಿತ್ರದ ಮೂಲಕ ಮನೆಮನೆ ತಲುಪಿತು. ಅದನ್ನು ತಲೆಮಾರುಗಳಿಂದ ಕಾಪಿಟ್ಟ ಕಂಸಾಳೆಯವರನ್ನು, ದೇವರಗುಡ್ಡರನ್ನು ನಮ್ಮ ವೇದಿಕೆಗಳಲ್ಲಿ ಆ ಪದ ಹಾಡುವ ಎಷ್ಟು ಜನ ನೆನೆಯುತ್ತಾರೆ?

ಅಮೆರಿಕದವರ ಅಳತೆಗೋಲಿನಿಂದ ಕನ್ನಡವನ್ನು ಅಳೆಯಬೇಕೇ ಎಂದು ಕೆಲವರು ಕೇಳಬಹುದು. ಅಳತೆಗೋಲು ನಮ್ಮದೇ. ತಂಬೂರಿಯನ್ನು ನುಡಿಸಲರಿಯದವನಿಗೆ ಅದನ್ನು ಕೆಳಗಿಡೆಂದು ನೇರವಾಗಿ ಹೇಳಿದವರು ಷರೀಫರೇ. ಅವರು ಕೇಳಿದ್ದು ಅರಿವಿದೆಯೇ ಎಂದು, ಕುಲವನ್ನಲ್ಲ. ಆ ಮಾತನ್ನು ಗಿಟಾರಿಗೂ ಅನ್ವಯಿಸಬಹುದು, ಹಾರ್ಮೋನಿಯಮ್ಮಿಗೂ ಅನ್ವಯಿಸಲೇಬೇಕು. ಅಮೆರಿಕದ ತಂಡಗಳು ನಮಗೆ ನೆರವಾಗುವುದು ಬೇರೆ ಕಾರಣಕ್ಕೆ: ಸ್ವಂತ ಮನೆಯ ಜಗಳದಲ್ಲಿ ಕಾಣದ್ದು ಪಕ್ಕದ ಮನೆಯ ಜಗಳದಲ್ಲಿ ಕಾಣುತ್ತದೆ.

ದಿ ಬ್ಯಾಂಡ್‌ನ ಮೊದಲ ಆಲ್ಬಮ್ಮಿನ ಹೊದಿಕೆಯಲ್ಲಿ ಒಂದು ಚಿತ್ರವಿದೆ. ಹಿರಿಯರನ್ನು ನಂಬಬೇಡಿ ಎಂದು ಆ ದೇಶದ ಯುವಕರು ಬೀದಿಯಲ್ಲಿ ಕೂಗುತ್ತಿದ್ದ 1968ರಲ್ಲಿ ಈ ಐವರು ತಮ್ಮ ತಂದೆ ತಾಯಿ, ಅಜ್ಜ ಅಜ್ಜಿ, ನೆಂಟರನ್ನೆಲ್ಲ ಹೊಲದ ಮನೆಯೆದುರು ಸೇರಿಸಿ ನಡುವೆ ತಾವು ನಿಂತು ಚಿತ್ರ ತೆಗೆಸಿಕೊಂಡರು. ಉದ್ದಗೂದಲಿನ ರಾಕ್ ಹುಡುಗರೂ ಕೋಟು ಹಾಕಿದ ಅಜ್ಜಂದಿರೂ ಒಂದೇ ಚೌಕಟ್ಟಿನಲ್ಲಿದ್ದಾರೆ. ಯಾರೂ ಯಾರ ಬಟ್ಟೆಯನ್ನೂ ಬದಲಿಸಿಲ್ಲ.

ನಮ್ಮ ಸಂಘಕ್ಕೆ ನನ್ನ ಸೂಚನೆ ಇಷ್ಟು. 'ಶುದ್ಧ' ಎಂಬ ಪದವನ್ನು ನಿಯಮದಿಂದ ತೆಗೆಯಿರಿ. ಈ ನವೆಂಬರಿಗೆ ಕಲಬುರಗಿ ಸೀಮೆಯ ಒಂದು ತತ್ವಪದ ಮೇಳವನ್ನು ಎರಡು ದಿನ ಮುಂಚೆ ಕರೆಸಿ, ಚಿತ್ರಗಾಯಕರಿಗೆ ಕೊಡುವ ಗೌರವಧನವನ್ನೇ ಕೊಡಿ. ಆ ಐವರನ್ನು ಮೇಳದವರ ಜತೆ ಕೂರಿಸಿ. ಪದದ ಅರ್ಥ ಕೇಳಿ ತಿಳಿಯಲಿ, ಕೊನೆಯ ನುಡಿಯ ತನಕ ಬಾಯಿಗೆ ಬರಲಿ, ಆಮೇಲೆ ಗಿಟಾರು ಬೇಕೋ ಬೇಡವೋ ಅವರೇ ನಿರ್ಧರಿಸಲಿ. ರಾಜ್ಯೋತ್ಸವದ ಸಂಜೆ ಇಬ್ಬರಿಗೂ ಒಂದೇ ವೇದಿಕೆ, ಅರ್ಧರ್ಧ ತಾಸು. ಹುಡುಗರಿಗೆ ಫೋನು ಮಾಡುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ. ಕಳೆದ ವರ್ಷ ನೆಲ ನೋಡುತ್ತ ಕುಳಿತದ್ದಕ್ಕೆ ಮೊದಲು ಕ್ಷಮೆ ಕೇಳಬೇಕಾಗಿದೆ.